ಬೋಪುಗೆ, ಆ ಎರಡು ಈಡಿನ ಬಗ್ಗೆ

ಪ್ರೀತಿಯ ಬೋಪು,

ಹೇಗಿದ್ದೀಯಾ? ಮಳೆ ಬಿಟ್ಟಿತಾ? ಇಲ್ಲಿ ಅಮೆರಿಕದ ಫೀನಿಕ್ಸ್‌ನಲ್ಲಿ ಬೆಳಿಗ್ಗೆ ಎಂಟಕ್ಕೇ ನೆಲ ಕಾದಿರುತ್ತದೆ. ಅದಕ್ಕೆ ಶನಿವಾರ ಗುಂಡು ಹೊಡೆದು ಅಭ್ಯಾಸ ಮಾಡುವ ರೇಂಜ್‌ನ ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ ನಿಲ್ಲುತ್ತೇನೆ.

ಹೋದ ಸಲ ಫೋನಿನಲ್ಲಿ ಕೇಳಿದೆಯಲ್ಲ, "ಪಿಸ್ತೂಲು ಎರಡು, ಕಿಟ್ ನಾಲ್ಕು ಯಾಕೋ" ಅಂತ. ಅವತ್ತು ಮಾತು ಹಾರಿಸಿದೆ. ಇವತ್ತು ಹೇಳುತ್ತೇನೆ. ಬೇರೆಯವರೂ ಓದುತ್ತಾರೆ, ಓದಲಿ.

ಕಿಟ್ ಅಂದರೆ ದೊಡ್ಡ ತೋಟೆಯ ಪಿಸ್ತೂಲಿನಲ್ಲಿ ಸಣ್ಣ ತೋಟೆ ಹೊಡೆಯಲು ಬದಲಿಸಿ ಹಾಕುವ ಬಿಡಿಭಾಗಗಳು. ನನ್ನ ಹತ್ತಿರ ಇರುವ ಪಿಸ್ತೂಲು ಒಂದು 1911, ಒಂದು ಸಿಝಡ್ 75. 1911ರ ತೋಟೆ ಪಾಯಿಂಟ್ 45, ಅಂದರೆ ಗುಂಡಿನ ಅಗಲ ಸುಮಾರು 0.45 ಇಂಚು. ಗುಂಡೊಂದೇ 15 ಗ್ರಾಂ ತೂಗುತ್ತದೆ. ಆ ಪಿಸ್ತೂಲಿನ ಸ್ಲೈಡ್ (ಮೇಲೆ ಹಿಂದೆ ಮುಂದೆ ಜಾರುವ ಭಾಗ), ನಳಿಕೆ, ಸ್ಪ್ರಿಂಗ್, ಮ್ಯಾಗಜಿನ್ ತೆಗೆದು ಕಿಟ್‌ನವನ್ನು ಕೂರಿಸಿದರೆ ಹಿಡಿಯೂ ಅದೇ, ಟ್ರಿಗರ್ರೂ ಅದೇ. ಹಾರುವುದು ಮಾತ್ರ ಪಾಯಿಂಟ್ 22ರ 2.6 ಗ್ರಾಂ ಸೀಸ. ದೊಡ್ಡ ತೋಟೆಗೆ ಬುಡದ ನಡುವೆ ಏಟು ಬಿದ್ದರೆ ಕಿಡಿ ಹೊತ್ತಿಸುವ ಕೇಪು ಇರುತ್ತೆ. ಸಣ್ಣದಕ್ಕೆ ಕೇಪೇ ಇಲ್ಲ, ಬುಡದ ಅಂಚಿನ ಮಡಿಕೆಯೊಳಗೆ ಮದ್ದು ಸವರಿರುತ್ತಾರೆ. ಏಟು ಅಂಚಿಗೇ ಬೀಳಬೇಕು. ಭಾರದ ಸ್ಲೈಡ್ ದೂಡುವ ಕಸುವೂ ಅದಕ್ಕಿಲ್ಲ. ಅದಕ್ಕೇ ಈಗಿನ ಎಷ್ಟೋ ಕಿಟ್‌ಗಳ ಸ್ಲೈಡ್ ಅಲ್ಯೂಮಿನಿಯಂನದು. ಅಮೆರಿಕದ ಕಾನೂನಿಗೆ ಹಿಡಿಯಿರುವ ಕೆಳಭಾಗವೇ ಪಿಸ್ತೂಲು. ಹಾಗಾಗಿ ಕಿಟ್ ಪಾರ್ಸೆಲ್‌ನಲ್ಲಿ ಮನೆ ಬಾಗಿಲಿಗೇ ಬರುತ್ತದೆ.

ನಾಲ್ಕರಲ್ಲಿ ನನಗೆ ಜೀವ ಅಂದರೆ ಹಳೇ ಕೋಲ್ಟ್ ಕಿಟ್. 1938ರಲ್ಲಿ ಕೋಲ್ಟ್ ಕಂಪನಿಯವರು ಮಾರಾಟಕ್ಕೆ ತಂದ ಮಾದರಿ ಅದು. ಅದರ ಸ್ಲೈಡ್ ಉಕ್ಕಿನದೇ. ಸಣ್ಣ ತೋಟೆ ಅದನ್ನು ಹೇಗೆ ದೂಡುತ್ತೆ ಗೊತ್ತಾ? ತೋಟೆ ಕೂರುವ ಚೇಂಬರ್ ನಳಿಕೆಗೆ ಅಂಟಿಲ್ಲ, ಬಿಡಿ ತುಂಡು. ಉರಿದ ಮದ್ದಿನ ಗಾಳಿ ಅದರ ಮುಂದೆ ನುಗ್ಗಿ ಅದನ್ನು ಹಿಂದಕ್ಕೆ ತಳ್ಳುತ್ತದೆ, ಅದು ಸ್ಲೈಡನ್ನು ತಳ್ಳುತ್ತದೆ. ಪಾಯಿಂಟ್ 22 ಹಾಕಿದ್ದರೂ ಕೈಗೆ ಹೆಚ್ಚುಕಡಿಮೆ ದೊಡ್ಡ ತೋಟೆಯ ಹಾಗೆ ಒದೆಯುತ್ತೆ. ಇದು ಕಾರ್ಬೈನ್ ವಿಲಿಯಮ್ಸ್ ಅನ್ನೋ ಅಮೆರಿಕದ ಕೋವಿ ತಯಾರಕನ ತಲೆ. ಜೈಲಿನ ವರ್ಕ್‌ಶಾಪಿನಲ್ಲಿ ಕೋವಿ ಮಾಡುತ್ತಿದ್ದವನು! ನಿಮ್ಮಪ್ಪ ಇದ್ದಿದ್ದರೆ ಈ ತುಂಡನ್ನು ಅಂಗೈಯಲ್ಲಿಟ್ಟುಕೊಂಡು ಒಂದು ಗಂಟೆ ನೋಡುತ್ತಿದ್ದರು.

ಆ ತುಂಡಿಗೆ ಮಸಿ, ಸೀಸ ಕಟ್ಟುತ್ತಲೇ ಇರುತ್ತೆ. ರಾತ್ರಿ ಎಣ್ಣೆಯಲ್ಲಿ ನೆನೆಹಾಕಿ, ಬೆಳಿಗ್ಗೆ ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜುತ್ತೇನೆ. ಕಪ್ಪು ರಾಡಿ ಬರುತ್ತೆ, ಅದರೊಳಗೆ ಬೆಳ್ಳಗೆ ಸೀಸದ ಚೂರು. ಒರೆಸಿ ಕೂರಿಸಿ ಬೆರಳಲ್ಲಿ ಆಡಿಸಿದರೆ ಟಿಕ್ ಟಿಕ್ ಅಂತ ಸಲೀಸಾಗಿ ಓಡಾಡುತ್ತದೆ. ಆ ಸದ್ದು ಕೇಳಿದರೆ ಮನಸ್ಸು ತಣ್ಣಗಾಗುತ್ತೆ ಕಣೋ.

ಹೋದ ತಿಂಗಳು ಒಂದು ವಿಷಯ ಆಯ್ತು. ರೇಂಜ್‌ನಲ್ಲಿ ಒಬ್ಬ ಹಿರಿಯರು ನನ್ನ ಪಾಯಿಂಟ್ 45 ಮ್ಯಾಗಜಿನ್‌ನಲ್ಲಿ ನನಗೆ ಕಾಣದ ಹಾಗೆ ಒಂದು ಮದ್ದಿಲ್ಲದ ತೋಟೆ ಸೇರಿಸಿದರು. ಎರಡು ಈಡು ಹೊಡೆದೆ. ಮೂರನೆಯದು ಬರೀ ಟಕ್ ಅಂತು. ಸದ್ದೇ ಇಲ್ಲ, ಒದೆತವೇ ಇಲ್ಲ, ಆದರೂ ಪಿಸ್ತೂಲಿನ ಮೂತಿ ಕೆಳಕ್ಕೆ ಬಗ್ಗಿಬಿಟ್ಟಿತು. ಹಗುರದ ಕಿಟ್ ಹಾಕಿ ಅದನ್ನೇ ಮಾಡಿಸಿದರು. ಮೂತಿ ಅಲ್ಲಾಡಲಿಲ್ಲ. ಅವರು ಏನೂ ಹೇಳಲಿಲ್ಲ, ಭುಜ ತಟ್ಟಿದರು ಅಷ್ಟೆ.

ನನಗೆ ಈಡಿನ ಸದ್ದು ಅಂದರೆ ಭಯ, ಬೋಪು. ಮೊದಲಿಂದಲೂ.

ಕಾಲೇಜಿನ ಎರಡನೇ ವರ್ಷ ಕೊಡವರ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್‌ಗೆ ನಿಮ್ಮ ಐನ್‌ಮನೆಗೆ, ನಿಮ್ಮ ಕುಲದ ಹಿರಿಮನೆಗೆ, ಬಂದಿದ್ದೆನಲ್ಲ. ಕೋವಿಗಳನ್ನು ಸಾಲಾಗಿಟ್ಟು, ಮೂತಿಗೆ ತೋಕ್ ಪೂ, ಅಂದರೆ ಕೋವಿ ಹೂ, ಸಿಕ್ಕಿಸಿದ್ದಿರಿ. ಕೆಂಪು ಹಳದಿ ಎಸಳು ಬೆಂಕಿಯ ಹಾಗೆ ಮೇಲಕ್ಕೆ ಸುರುಳಿ ಸುತ್ತಿದ್ದವು. ಮಧ್ಯಾಹ್ನ ತೆಂಗಿನಕಾಯಿಗೆ ಗುರಿ ಇಡುವಾಗ ಕಣ್ಣಿಗೆ ಧೂಳು ಬಿತ್ತು ಅಂದೆ. ಧೂಳು ಬಿದ್ದಿರಲಿಲ್ಲ. ಕಣ್ಣು ಮುಚ್ಚಿಕೊಂಡಿದ್ದೆ.

ಅದನ್ನಾದರೂ ಬಿಡು. ನಿಮ್ಮಪ್ಪ ತೀರಿಕೊಂಡ ರಾತ್ರಿ ನಾನು ನಿಮ್ಮ ಮನೆಯಲ್ಲೇ ಇದ್ದೆ. ಊರಿಗೆ ತಿಳಿಸೋಕೆ ಅಂಗಳದಲ್ಲಿ ಎರಡು ಈಡು ಹೊಡೆಯಬೇಕು, ಪಕ್ಕದಲ್ಲಿ ಬಂದು ನಿಲ್ಲು ಅಂತ ನನ್ನ ಹೆಸರು ಹಿಡಿದು ಕರೆದೆ. ನಾನು ಕಾಫಿ ಕಣದ ಹಿಂದೆ ಕೂತು ಎರಡೂ ಕಿವಿಗೆ ಬೆರಳಿಟ್ಟುಕೊಂಡಿದ್ದೆ. ಆದರೂ ಕೇಳಿಸಿತು. ಎರಡೂ ಕೇಳಿಸಿತು. ಆಮೇಲೆ ಬಂದು, ಫೋನ್ ಮಾಡೋಕೆ ಹೋಗಿದ್ದೆ ಅಂದೆ. ನೀನು ಹೂಂ ಅಂದೆ. ಒಬ್ಬನೇ ನಿಂತಿದ್ದೆ ನೀನು. ಹನ್ನೊಂದು ವರ್ಷ ಆಯ್ತು.

ಇಷ್ಟೆಲ್ಲ ಬರೆಯಬೇಕು ಅಂತ ಕೂತಿರಲಿಲ್ಲ. ಕಿಟ್ ಬಗ್ಗೆ ಬರೆಯೋಣ ಅಂತಿದ್ದೆ.

ಸರಿ, ಕಿಟ್ ಬಗ್ಗೆಯೇ ಹೇಳುತ್ತೇನೆ. ಈಗ ಪ್ರತಿ ಶನಿವಾರ ಮೊದಲು ಹಗುರದ ಕಿಟ್, ಆಮೇಲೆ ಕೋಲ್ಟ್ ಕಿಟ್, ಕೊನೆಗೆ ಪಾಯಿಂಟ್ 45ರ ಐದೇ ತೋಟೆ. ಮೊನ್ನೆ ಐದರಲ್ಲಿ ಮೂರಕ್ಕೆ ಮೂತಿ ನೆಟ್ಟಗಿತ್ತು.

ಸೆಪ್ಟೆಂಬರ್‌ಗೆ ಟಿಕೆಟ್ ಮಾಡಿಸಿದ್ದೇನೆ. ಕಡಂಬುಟ್ಟು ಜಾಸ್ತಿ ಮಾಡಿಸು, ಪಂದಿ ಕರಿಗೆ ಕಾಚಂಪುಳಿ ಕಮ್ಮಿ ಹಾಕಬೇಡಿ ಅಂತ ಅಮ್ಮನಿಗೆ ಹೇಳು. ತೆಂಗಿನಕಾಯಿಯನ್ನು ಎಷ್ಟು ಎತ್ತರಕ್ಕಾದರೂ ಕಟ್ಟು. ನೀನು ಹೊಡೆಯುವಾಗ ನಾನು ಪಕ್ಕದಲ್ಲೇ ನಿಂತಿರುತ್ತೇನೆ.

ನಿನ್ನ,
ರೂಮ್ ನಂಬರ್ 14