ರಾಜ್ಯೋತ್ಸವದ ಪಂಕ್ತಿಯಲ್ಲಿ ಬನ್ನಿ ಚೌ

ನಮ್ಮ ಕನ್ನಡ ಸಂಘದ ಪತ್ರಿಕೆಯ ಈ ಸಂಚಿಕೆ ನಾಳೆ ಬೆಳಿಗ್ಗೆ ಮುದ್ರಣಕ್ಕೆ ಹೋಗಬೇಕು. ಸಂಪಾದಕೀಯಕ್ಕೆ ಬೇರೆ ವಿಷಯವನ್ನು ಯೋಚಿಸಿಟ್ಟಿದ್ದೆ. ಆದರೆ ರಾಜ್ಯೋತ್ಸವದ ಅಡುಗೆಯ ಪಟ್ಟಿಯನ್ನು ಸಭೆಯಲ್ಲಿ ಓದಿದಾಗ, ಹೋಳಿಗೆ, ಬಿಸಿಬೇಳೆಬಾತ್, ಕೋಸಂಬರಿಗಳ ಹೆಸರು ಮುಗಿಯುತ್ತಿದ್ದಂತೆಯೇ, ನಮ್ಮ ಕನ್ನಡ ತರಗತಿಯ ಪುಟ್ಟ ಹುಡುಗಿಯೊಬ್ಬಳು ‘ನಮ್ಮೂರಿನ ಊಟ ಅಂತೀರಿ, ಬನ್ನಿ ಚೌ ಯಾಕಿಲ್ಲ?’ ಎಂದು ಕೇಳಿದಳು. ತಿರುಳು ತೆಗೆದ ಬ್ರೆಡ್ಡಿನೊಳಗೆ ಸಾರು ತುಂಬಿಸಿ ಕೊಡುವ ಇಲ್ಲಿನ ಊಟವೇ ಬನ್ನಿ ಚೌ. ದಕ್ಷಿಣ ಆಫ್ರಿಕಾದ ಡರ್ಬನ್ನಿನಲ್ಲೇ ಹುಟ್ಟಿದ ಅವಳಿಗೆ ಊರೆಂದರೆ ಇದೇ. ಅವಳ ಮಾತನ್ನು ಸಮಿತಿ ನಡೆಸಿಕೊಡಬೇಕು ಎಂಬುದು ನನ್ನ ಕೋರಿಕೆ.

ನವೆಂಬರ್ ತಿಂಗಳು ನಮಗೆ ಮಾತ್ರ ಸೇರಿದ್ದಲ್ಲ. 1860ರ ನವೆಂಬರ್ 16ರಂದು, ಕಬ್ಬಿನ ತೋಟಗಳಿಗೆಂದು ಕರಾರು ಮಾಡಿಕೊಂಡ ಕೂಲಿಯವರನ್ನು ಮದ್ರಾಸಿನಿಂದ ಹೊತ್ತುಬಂದ ‘ಟ್ರೂರೋ’ ಹಡಗು ಈ ಬಂದರನ್ನು ಮುಟ್ಟಿತು. ಆಮೇಲೆ 1911ರವರೆಗೆ ಹೀಗೆ ಬಂದವರು ಸುಮಾರು ಒಂದೂವರೆ ಲಕ್ಷ ಮಂದಿ. ಅವರಲ್ಲಿ ಹೆಚ್ಚಿನವರು ತಮಿಳು, ತೆಲುಗು, ಭೋಜಪುರಿ ಆಡುತ್ತಿದ್ದವರು. ಬನ್ನಿ ಚೌ ಹುಟ್ಟಿದ್ದು ಈ ನಗರದ ಭಾರತೀಯರ ನಡುವೆ. ಮೊದಲು ಮಾಡಿದ್ದು ಯಾವ ಅಂಗಡಿ ಎನ್ನುವುದಕ್ಕೆ ಹಲವು ಕಥೆಗಳಿದ್ದು, ಅವುಗಳಲ್ಲಿ ಹೆಚ್ಚಿನವು ಗ್ರೇ ಸ್ಟ್ರೀಟಿನ ಸುತ್ತಲೇ ಸುತ್ತುತ್ತವೆ. ಬಣ್ಣದ ಕಾರಣಕ್ಕೆ ಹೋಟೆಲಿನೊಳಗೆ ಕೂರುವ ಅವಕಾಶವಿಲ್ಲದ ಆಫ್ರಿಕನ್ ಗಿರಾಕಿಗಳಿಗೆ, ತಟ್ಟೆ ಚಮಚಗಳ ಹಂಗಿಲ್ಲದಂತೆ, ಬ್ರೆಡ್ಡಿನ ತಿರುಳು ತೆಗೆದು ಪಲ್ಯ ತುಂಬಿಸಿ ಹೊರಗೇ ಕೊಡುತ್ತಿದ್ದರು ಎಂದು ಇಲ್ಲಿನ ಹಿರಿಯರು ಹೇಳುತ್ತಾರೆ. ಅನ್ಯಾಯದ ನಡುವೆಯೂ ಹಸಿದವನನ್ನು ಬರಿಗೈಯಲ್ಲಿ ಕಳಿಸದ ಈ ಊಟವನ್ನು ನಾನು ಗೌರವದಿಂದಲೇ ನೋಡುತ್ತೇನೆ.

ನನಗೆ ಇದನ್ನು ಕಲಿಸಿದವರು ಚಾಟ್ಸ್‌ವರ್ತ್ ಬಡಾವಣೆಯ ಒಬ್ಬ ಆಂಟಿ. ಅವರ ಮುತ್ತಜ್ಜಿ ಮದ್ರಾಸಿನ ಹಡಗಿನಲ್ಲಿ ಬಂದವರು. ಆಂಟಿಗೆ ತಮಿಳಿನ ನಾಲ್ಕಾರು ಪದಗಳಷ್ಟೇ ಉಳಿದಿದ್ದವು. ಕೇಟೋ ಮ್ಯಾನರಿನಲ್ಲಿ ತರಕಾರಿ ಬೆಳೆಯುತ್ತಿದ್ದ ಅವರ ಕುಟುಂಬವನ್ನು, ಜನಾಂಗಕ್ಕೊಂದು ಬಡಾವಣೆಯನ್ನು ಗೊತ್ತುಮಾಡಿದ 1950ರ ಕಾನೂನಿನಡಿ ಅಲ್ಲಿಂದ ಎಬ್ಬಿಸಿ ಚಾಟ್ಸ್‌ವರ್ತಿಗೆ ಕಳಿಸಲಾಗಿತ್ತು. ಹೊರಡುವಾಗ ಅವರ ತಾಯಿ ಕರಿಬೇವಿನ ಸಸಿಯೊಂದನ್ನು ಬೇರುಸಹಿತ ಕಿತ್ತು ತಂದಿದ್ದರಂತೆ. ನಾನು ಹೋದ ದಿನ ಹಿತ್ತಲಿನ ಆ ಮರದಿಂದಲೇ ಎಲೆ ಕೊಯ್ದುಕೊಂಡು ಬಂದರು. ಎಣ್ಣೆ ಕಾದ ಮೇಲೆ ಚಕ್ಕೆ, ಜೀರಿಗೆ, ಸೋಂಪು, ಆಮೇಲೆ ಈರುಳ್ಳಿ. ಈರುಳ್ಳಿ ಕೆಂಪಾಗುವವರೆಗೆ ನನ್ನನ್ನು ಒಲೆಯ ಮುಂದಿನಿಂದ ಕದಲಲು ಬಿಡಲಿಲ್ಲ. ಶುಂಠಿ ಬೆಳ್ಳುಳ್ಳಿ ಹಾಕಿ, ಇಲ್ಲಿನ ಕೆಂಪು ಮಸಾಲೆ ಪುಡಿಯನ್ನು ಧಾರಾಳವಾಗಿ ಬೆರೆಸಿ, ಸೀದುಹೋಗುವ ಮುಂಚೆ ಟೊಮೆಟೊ ಸೇರಿಸಿ, ಮೂಳೆಸಹಿತವಾದ ಕುರಿಮಾಂಸವನ್ನು ಅದರಲ್ಲೇ ಹುರಿದು, ಸ್ವಲ್ಪವೇ ನೀರಿನಲ್ಲಿ ಸಣ್ಣ ಉರಿಯ ಮೇಲೆ ಬೇಯಲು ಬಿಟ್ಟರು. ಮಾಂಸ ಮುಕ್ಕಾಲು ಬೆಂದಾಗ ದೊಡ್ಡ ದೊಡ್ಡ ಆಲೂಗಡ್ಡೆ ಹೋಳುಗಳು ಬಿದ್ದವು. ನಮ್ಮ ಮಟನ್ ಸಾರಿಗೆ ಗಟ್ಟಿತನ ಕೊಡುವುದು ಅರೆದ ತೆಂಗಿನಕಾಯಿ. ಇಲ್ಲಿ ಆ ಕೆಲಸವನ್ನು ಕರಗಿದ ಆಲೂಗಡ್ಡೆ ಮಾಡುತ್ತದೆ. ಸಾರು ತೆಳ್ಳಗಾದರೆ ಬ್ರೆಡ್ಡಿನ ತಳ ಕಿತ್ತುಹೋಗುತ್ತದೆ ಎಂದು ಅವರು ಮತ್ತೆ ಮತ್ತೆ ಎಚ್ಚರಿಸಿದರು.

ಬ್ರೆಡ್ಡು ಹೋಳು ಮಾಡಿರದ, ಚೌಕನೆಯ ಬಿಳಿ ಬ್ರೆಡ್ಡೇ ಆಗಬೇಕು. ಅರ್ಧಕ್ಕೋ ಕಾಲು ಭಾಗಕ್ಕೋ ಕತ್ತರಿಸಿ, ಗೋಡೆ ಮತ್ತು ತಳವನ್ನು ದಪ್ಪವಾಗಿಯೇ ಉಳಿಸಿ, ಒಳಗಿನ ಮೆತ್ತನೆಯ ತಿರುಳನ್ನು ಒಂದೇ ತುಂಡಾಗಿ ತೆಗೆಯಬೇಕು. ಬಿಸಿ ಸಾರು, ಮಾಂಸ, ಆಲೂಗಡ್ಡೆಗಳನ್ನು ತುಂಬಿದ ಮೇಲೆ ಆ ತಿರುಳನ್ನೇ ಮುಚ್ಚಳವಾಗಿ ಇಡುತ್ತಾರೆ. ತುರಿದ ಕ್ಯಾರೆಟ್, ಈರುಳ್ಳಿ, ಹಸಿಮೆಣಸಿನಕಾಯಿಗಳ ಸಂಬಲ್ ಪಕ್ಕದಲ್ಲಿರಬೇಕು. ತಿನ್ನುವುದು ಕೈಯಲ್ಲೇ: ಮೊದಲು ಮುಚ್ಚಳವನ್ನು ಅದ್ದಿಕೊಂಡು, ಆಮೇಲೆ ಗೋಡೆಗಳನ್ನು ಮೇಲಿನಿಂದ ಮುರಿದುಕೊಳ್ಳುತ್ತಾ ಇಳಿಯಬೇಕು, ಸಾರಿನ ಮಟ್ಟಕ್ಕಿಂತ ಕೆಳಗೆ ಎಂದೂ ಮುರಿಯಬಾರದು. ಕೊನೆಗೆ ಉಳಿಯುವ, ಸಾರು ಕುಡಿದು ಕೆಂಪಾದ ತಳವೇ ಅದರ ನಿಜವಾದ ರುಚಿ.

ಸಂಘದ ಊಟದಲ್ಲಿ ಮಾಂಸ ಬೇಡವೆನ್ನುವ ಹಿರಿಯರ ಮನಸ್ಸನ್ನು ನಾನು ಬಲ್ಲೆ. ಬೀನ್ಸ್ ಕಾಳಿನ ಬನ್ನಿ ಇಲ್ಲಿ ಮೊದಲಿನಿಂದಲೂ ಇದ್ದೇ ಇದೆ, ಬಹಳ ಜನ ಅದೇ ಹಳೆಯದೆನ್ನುತ್ತಾರೆ. ಆದ್ದರಿಂದ ಕಾಳಿನದು ಭವನದ ಒಳಗಿನ ಪಂಕ್ತಿಯಲ್ಲಿರಲಿ. ಮಟನ್ನಿನದು ಹೊರಗಿನ ಅಂಗಳದಲ್ಲಿ, ಬೇರೆ ಪಾತ್ರೆ, ಬೇರೆ ಸೌಟುಗಳೊಂದಿಗೆ ನಡೆಯಲಿ.

ಈಗ ಸೂಚನೆಗಳು. ರಾಜ್ಯೋತ್ಸವ ತಿಂಗಳ ಮೊದಲ ಭಾನುವಾರ, ಎಂದಿನ ಭವನದಲ್ಲಿ. ಧ್ವಜವಂದನೆ ಹತ್ತಕ್ಕೆ, ಮಕ್ಕಳ ನಾಟಕ ಹನ್ನೊಂದಕ್ಕೆ, ಊಟ ಒಂದಕ್ಕೆ. ಊಟಕ್ಕೆ ಬರುವವರು ಮಾಂಸದ್ದೋ ಕಾಳಿನದೋ ಎಂದು ಹಿಂದಿನ ಬುಧವಾರದೊಳಗೆ ತಿಳಿಸಬೇಕು, ಬ್ರೆಡ್ಡಿಗೆ ಮುಂಗಡ ಹೇಳಬೇಕಾಗಿದೆ. ಹಡಗು ಬಂದ ನವೆಂಬರ್ ಹದಿನಾರರ ನೆನಪಿನ ಕಾರ್ಯಕ್ರಮಕ್ಕೆ ಸಂಘದಿಂದ ಹೂವು ಕೊಂಡೊಯ್ಯುವವರು ಹೆಸರು ಕೊಡಿ. ವಾರ್ಷಿಕ ಚಂದಾ ಬಾಕಿಯಿರುವವರು ಅಂದೇ ಖಜಾಂಚಿಯವರನ್ನು ಕಾಣಬೇಕು.

ಕಳೆದ ತಿಂಗಳು ಇಬ್ಬರು ಕಾರ್ಯಕರ್ತರು ಕುಟುಂಬಸಮೇತ ಬೆಂಗಳೂರಿಗೆ ಮರಳಿದ್ದರಿಂದ ಅಡುಗೆಮನೆಯಲ್ಲೂ ಈ ಪತ್ರಿಕೆಯಲ್ಲೂ ಕೈಗಳು ಸಾಲುತ್ತಿಲ್ಲ. ಕರಡು ತಿದ್ದಲು ಒಬ್ಬರಾದರೂ ಬೇಕು. ನಾನೊಬ್ಬಳೇ ಇನ್ನು ಹೆಚ್ಚು ಕಾಲ ನಡೆಸಲಾರೆ. ಈರುಳ್ಳಿ ಹೆಚ್ಚುವವರು ಶನಿವಾರ ಸಂಜೆಯೇ ಬರಬೇಕು, ಬ್ರೆಡ್ಡಿನ ತಿರುಳು ತೆಗೆಯುವವರು ಭಾನುವಾರ ಹನ್ನೆರಡಕ್ಕೆ. ಆಂಟಿಯೂ ಬಂದು ಒಗ್ಗರಣೆಯ ಹೊತ್ತಿಗೆ ಒಲೆಯ ಬಳಿ ನಿಲ್ಲುವುದಾಗಿ ಒಪ್ಪಿಕೊಂಡಿದ್ದಾರೆ.