ಗಲ್ಲಾಪೆಟ್ಟಿಗೆಗೆ ಬಂದ ಹುಲಿ

ಉಡುಪಿ

ಪ್ರೀತಿಯ ಮಗಳೇ,

ಫೋನಿನಲ್ಲಿ ಹೇಳಿದರೆ "ಹೌದಾ ಅಮ್ಮಾ, ಒಳ್ಳೇದಾಯ್ತು" ಅಂತ ಹೇಳಿ ಆಫೀಸಿಗೆ ಓಡುತ್ತೀ. ಇದು ಹಾಗೆ ಓಡುತ್ತಾ ಕೇಳುವ ಸುದ್ದಿ ಅಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಮ್ಮ ಅಂಗಡಿಯ ಚಿಲ್ಲರೆಯಲ್ಲಿ ನನಗೆ ಹುಲಿ ಸಿಕ್ಕಿತು ಮಗಾ. 1947ರ ಅರ್ಧ ರೂಪಾಯಿ.

ಕಲ್ಸಂಕದ ಕಡೆಯಿಂದ ಶುಕ್ರವಾರ ಮಲ್ಲಿಗೆಗೆ ಬರುವ ಅಜ್ಜಿ ನಿನಗೆ ನೆನಪಿರಬೇಕು. ಸಣ್ಣವಳಿರುವಾಗ ನಿನ್ನ ಜಡೆ ಹಿಡಿದು ಮಾತಾಡಿಸುತ್ತಿದ್ದರು. ಅವರ ಮನೆಯಲ್ಲಿ ಮೊಮ್ಮಗನ ಮಣ್ಣಿನ ಹುಂಡಿ ಒಡೆದರಂತೆ, ಅದರ ಚಿಲ್ಲರೆಯನ್ನೆಲ್ಲ ಬಟ್ಟೆಯ ಚೀಲದಲ್ಲಿ ಕಟ್ಟಿಕೊಂಡು ಬಂದಿದ್ದರು. ಎಣಿಸುವುದಕ್ಕೆ ಬೇರೆಯವರು ಉದಾಸೀನ ಮಾಡುತ್ತಾರೆ, ನಾನು ಮಾಡುವುದಿಲ್ಲ ಅಂತ ಅವರಿಗೆ ಗೊತ್ತು. ಒಂದು ರೂಪಾಯಿಗಳನ್ನು ಹತ್ತು ಹತ್ತರಂತೆ ಒಂದರ ಮೇಲೊಂದು ಇಡುತ್ತಾ ಹೋದೆ. ಒಂದು ಸಾಲು ಮಾತ್ರ ಸಮ ನಿಲ್ಲಲಿಲ್ಲ. ಮಧ್ಯದಲ್ಲಿ ಒಂದು ನಾಣ್ಯ ಸ್ವಲ್ಪ ಸಣ್ಣದು, ಅಂಚು ದಪ್ಪ, ಬಣ್ಣ ಮಬ್ಬು. ಕೈಗೆ ತೆಗೆದುಕೊಂಡಾಗಲೇ ತೂಕ ಬೇರೆ ಅಂತ ಗೊತ್ತಾಯಿತು. ನೋಡಿದರೆ ಕಿರೀಟ ಇಟ್ಟ ರಾಜನ ತಲೆ, ಆರನೇ ಜಾರ್ಜ್. ತಿರುಗಿಸಿದೆ. ಹುಲಿ!

ಎದೆ ಡವಡವ ಅಂದದ್ದು ಸುಳ್ಳಲ್ಲ. ಅಜ್ಜಿಗೆ ತೋರಿಸಿದೆ. ಕನ್ನಡಕ ಸರಿಮಾಡಿಕೊಂಡು ನೋಡಿ ತುಳುವಿನಲ್ಲಿ "ಓ ದೇವೆರೇ, ಪಿಲಿ!" ಅಂದರು. ಇದು ಹಳೆಯದು, ಇದಕ್ಕೆ ಒಂದು ರೂಪಾಯಿಗಿಂತ ಜಾಸ್ತಿ ಬೆಲೆ ಉಂಟು, ಮನೆಯಲ್ಲೇ ಇಟ್ಟುಕೊಳ್ಳಿ ಅಂತ ಹೇಳಿ ಅವರ ಕೈಗೇ ವಾಪಸ್ ಕೊಟ್ಟೆ. ಅವರು ಮತ್ತೆ ನನ್ನ ಕೈಗೆ ಹಾಕಿ, "ನೀನು ನೋಡಿದ್ದಕ್ಕೆ ಅದು ಹುಲಿ ಆದದ್ದು, ನಾನು ಒಂದು ರೂಪಾಯಿ ಅಂತಲೇ ತಂದದ್ದು" ಅಂದರು. ಆ ದಿನದ ಮಲ್ಲಿಗೆಗೆ ನಾನು ದುಡ್ಡು ತೆಗೆದುಕೊಳ್ಳಲಿಲ್ಲ. ಕೊಟ್ಟವರು ಯಾರು ಅಂತ ಗೊತ್ತಿದ್ದರೆ ಅವರಿಗೆ ತೋರಿಸಿಯೇ ಇಟ್ಟುಕೊಳ್ಳಬೇಕು ಎಂಬುದು ಮೊದಲಿನಿಂದಲೂ ನನ್ನ ಕ್ರಮ, ನಿನಗೂ ಅದನ್ನೇ ಹೇಳುವುದು. ಇಡೀ ದಿನದ ಚಿಲ್ಲರೆಯಲ್ಲಿ ಯಾರದ್ದು ಅಂತ ಗೊತ್ತಾಗದೆ ಸಿಕ್ಕಿದರೆ ಆ ಮಾತು ಬೇರೆ.

ಈ ನಾಣ್ಯದಲ್ಲಿ ನನಗೆ ರೋಮಾಂಚನ ಆಗುವ ಸಂಗತಿ ಎಂತದ್ದು ಗೊತ್ತುಂಟಾ? ಮೊದಲು ಬೆಳ್ಳಿ ರೂಪಾಯಿ ಇತ್ತು. ನೂರಕ್ಕೆ ತೊಂಬತ್ತೊಂದು ಪಾಲಿಗಿಂತ ಹೆಚ್ಚು ಬೆಳ್ಳಿ, ತೂಕ ಸರಿಯಾಗಿ ಒಂದು ತೊಲ. ಯುದ್ಧದ ಕಾಲಕ್ಕೆ ಬೆಳ್ಳಿ ಸಾಲದೆ 1940ರಿಂದ ಅದನ್ನು ಅರ್ಧಕ್ಕೆ ಇಳಿಸಿದರು. 1943ರಿಂದ ಕಾಲಾಣೆಯ ಮಧ್ಯದಲ್ಲಿ ತೂತು ಇಟ್ಟು ತಾಮ್ರ ಉಳಿಸಿದರು. ನಿನ್ನ ಅಜ್ಜಿ ಸೊಂಟದ ನೂಲಿಗೆ ಪೋಣಿಸುತ್ತಿದ್ದ ಒಟ್ಟೆ ಮುಕ್ಕಾಲು ಅಂದರೆ ಅದೇ. ಕೊನೆಗೆ ಬೆಳ್ಳಿಯನ್ನು ಪೂರ್ತಿ ಬಿಟ್ಟು 1946 ಮತ್ತು 1947ರಲ್ಲಿ ನಿಕ್ಕಲ್‌ನಲ್ಲಿ ಹುಲಿಯ ನಾಣ್ಯ ಬಂತು. ಅಷ್ಟರಲ್ಲಿ ದೇಶಕ್ಕೆ ಸ್ವಾತಂತ್ರ್ಯವೂ ಬಂತು. ಆದರೆ ಜನರ ಕಿಸೆಯಲ್ಲಿ ರಾಜನ ಮುಖ ಹಾಗೇ ಉಳಿಯಿತು, ಮೂರು ವರ್ಷ! ನಮ್ಮದೇ ನಾಣ್ಯ ಹೊರಗೆ ಬಂದದ್ದು 1950ರ ಆಗಸ್ಟ್ 15ಕ್ಕೆ. ರಾಜನ ಜಾಗಕ್ಕೆ ಅಶೋಕ ಸ್ತಂಭದ ಸಿಂಹ, ಹುಲಿಯ ಜಾಗಕ್ಕೆ ಧಾನ್ಯದ ತೆನೆ. ಆಣೆಯ ಮೇಲೆ ಬಸವ, ಕಾಸಿನ ಮೇಲೆ ಕುದುರೆ. ನಾನು ಕೈಯಲ್ಲಿ ಹಿಡಿದದ್ದು ಆ ಎರಡು ಕಾಲದ ನಡುವಿನ ತುಂಡು. ಅದನ್ನು ಅಷ್ಟಮಿಯ ದಿನ ಯಾರಾದರೂ ಹುಲಿವೇಷದವರಿಗೆ ಕೊಟ್ಟಿರಬಹುದು, ಹುಲಿಗೇ ಹುಲಿಯನ್ನು. ಯಾರೋ ಮಲ್ಪೆಯಲ್ಲಿ ಮೀನು ತೆಗೆದುಕೊಂಡಿರಬಹುದು. 1957ರ ಏಪ್ರಿಲ್ 1ಕ್ಕೆ ಹದಿನಾರು ಆಣೆಯ ಲೆಕ್ಕ ಹೋಗಿ ನೂರು ನಯಾ ಪೈಸೆ ಬಂದಾಗಲೂ ಎಂಟಾಣೆ ಐವತ್ತು ಪೈಸೆಗೆ ಸಮ ಆದ್ದರಿಂದ ಇದಕ್ಕೆ ತೊಂದರೆ ಆಗಲಿಲ್ಲ.

ಒಂದು ವಿಷಯ ಸ್ಪಷ್ಟ ಹೇಳುತ್ತೇನೆ. ಈ ನಾಣ್ಯ ಪೇಟೆಯಲ್ಲಿ ಅಪರೂಪ ಅಲ್ಲ. ಹಳೆ ನಾಣ್ಯ ಮಾರುವವರ ಹತ್ತಿರ ಹೋದರೆ ಹೆಚ್ಚು ದುಡ್ಡಿಲ್ಲದೆ ಸಿಗುತ್ತದೆ. ಅಪ್ಪ ಕೂಡ ಅದನ್ನೇ ಹೇಳಿದರು, "ಬೇಕಾದರೆ ತಂದುಕೊಡುತ್ತಿದ್ದೆನಲ್ಲ" ಅಂತ. ತಂದುಕೊಟ್ಟರೆ ಅದು ಸಾಮಾನು ಮಗಾ. ಮಲ್ಲಿಗೆಗೂ ಬಾಳೆಹಣ್ಣಿಗೂ ಕೊಟ್ಟ ಚಿಲ್ಲರೆಯಲ್ಲಿ, ಇಷ್ಟು ಜನರ ಕೈ ದಾಟಿ, ಯಾರ ಕಣ್ಣಿಗೂ ಬೀಳದೆ ನನ್ನ ಕೈಗೆ ಬಂತಲ್ಲ, ಅದೇ ಅಪರೂಪ. ಅಂಥದ್ದನ್ನು ದುಡ್ಡು ಕೊಟ್ಟು ತರಲಿಕ್ಕೆ ಆಗುವುದಿಲ್ಲ.

ನಮ್ಮ ಅಂಗಡಿ ಇರುವ ಜಾಗವೂ ಒಳ್ಳೆಯದು. ರಥಬೀದಿಗೆ ಎಲ್ಲೆಲ್ಲಿಂದಲೋ ಜನ ಬರುತ್ತಾರೆ, ಅವರ ಕಿಸೆಯಲ್ಲಿ ಅವರವರ ಊರಿನ ಚಿಲ್ಲರೆ. ಕೇರಳದವರು ಬಂದ ದಿನ ನಾರಾಯಣ ಗುರುಗಳ ಐದು ರೂಪಾಯಿ ಸಿಕ್ಕಿತ್ತು, 2006ರದ್ದು. ಮಂಗಳೂರಿನ ಚಿಕ್ಕಮ್ಮ ಅದನ್ನು ನೋಡಿ ಬಿಡಲೇ ಇಲ್ಲ. ಕುದ್ರೋಳಿ ದೇವಸ್ಥಾನದಲ್ಲಿ 1912ರಲ್ಲಿ ಪ್ರತಿಷ್ಠೆ ಮಾಡಿದ್ದು ಅವರೇ ಅಲ್ಲವಾ. ಅದೇ ವರ್ಷ ಬಸವಣ್ಣನವರದ್ದೂ ಬಂದಿದೆ, ಅದು ನನಗೆ ಚಿಲ್ಲರೆಯಲ್ಲಿ ಇನ್ನೂ ಸಿಕ್ಕಿಲ್ಲ. ಗಲ್ಫಿನಿಂದ ರಜೆಗೆ ಬಂದವರ ಮಕ್ಕಳು ಕೆಲವೊಮ್ಮೆ ದಿರ್ಹಮ್ ಕೊಟ್ಟುಹೋಗುತ್ತಾರೆ, ಅದರಲ್ಲಿ ಅರಬರ ಕಾಫಿ ಹೂಜಿಯ ಚಿತ್ರ. ಹತ್ತು ರೂಪಾಯಿ ನಾಣ್ಯವನ್ನು ಸುತ್ತಲಿನವರು ತೆಗೆದುಕೊಳ್ಳುವುದಿಲ್ಲ ಅಂದಾಗ ಎಲ್ಲ ನಮ್ಮ ಅಂಗಡಿಗೇ ಬರುತ್ತದೆ. ಅಷ್ಟರವರೆಗೆ ಬಂದಿದ್ದ ಹದಿನಾಲ್ಕು ನಮೂನೆಯೂ ನಡೆಯುತ್ತದೆ ಅಂತ ರಿಸರ್ವ್ ಬ್ಯಾಂಕ್ 2018ರಲ್ಲೇ ಹೇಳಿದೆ. ನಾನು ಸಂತೋಷದಿಂದ ತೆಗೆದುಕೊಳ್ಳುತ್ತೇನೆ.

ಈಗ ನಿನ್ನ ಊರಿನ ವಿಷಯ. ನಾಣ್ಯದಲ್ಲಿ ಇಸವಿಯ ಕೆಳಗೆ ಒಂದು ಸಣ್ಣ ಗುರುತು ಇರುತ್ತದೆ, ಅದು ಅಚ್ಚಾದದ್ದು ಯಾವ ಟಂಕಸಾಲೆಯಲ್ಲಿ ಅಂತ. ವಜ್ರದ ಆಕಾರ ಇದ್ದರೆ ಮುಂಬೈ, ದುಂಡು ಚುಕ್ಕೆ ಇದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ. ನಕ್ಷತ್ರ ಇದ್ದರೆ ಅದು ನೀನಿರುವ ಹೈದರಾಬಾದಿನದ್ದು. ನೀನು ಅಲ್ಲಿ ಕೆಲಸಕ್ಕೆ ಸೇರಿದ ಮೇಲೆ ಚಿಲ್ಲರೆಯಲ್ಲಿ ನಕ್ಷತ್ರ ಕಂಡಾಗೆಲ್ಲ ನಿನ್ನ ನೆನಪು ಬರುತ್ತದೆ. ಸೈಫಾಬಾದಿನಲ್ಲಿ ನಿಜಾಮರ ಕಾಲದ ಹಳೆ ಟಂಕಸಾಲೆ ಉಂಟು, 1997ರಲ್ಲಿ ಕೆಲಸವೆಲ್ಲ ಚೆರ್ಲಪಲ್ಲಿಗೆ ಹೋದ ಮೇಲೆ ಖಾಲಿ ಇದ್ದದ್ದನ್ನು 2022ರಲ್ಲಿ ಸಂಗ್ರಹಾಲಯ ಮಾಡಿದ್ದಾರೆ. ನೀನು ಹೋಗಿ ನೋಡಬೇಕು, ನನಗೋಸ್ಕರವಾದರೂ.

ಗುರುತು ನೋಡುವುದನ್ನು ಕಲಿತರೆ ಇನ್ನೂ ದೊಡ್ಡ ಸಂತೋಷ ಉಂಟು. ತೊಂಬತ್ತರ ದಶಕದ ಕೊನೆಗೆ ದೇಶದಲ್ಲಿ ಚಿಲ್ಲರೆಗೆ ಎಷ್ಟು ಕಷ್ಟ ಆಗಿತ್ತೆಂದರೆ ಸರಕಾರ ಹೊರದೇಶಗಳಲ್ಲಿ ನಾಣ್ಯ ಮಾಡಿಸಿ ತರಿಸಿತು. ಆಗ ಬಸ್ಸಿನಲ್ಲಿ ಕಂಡಕ್ಟರು ಬಾಕಿ ಚಿಲ್ಲರೆಯನ್ನು ಟಿಕೇಟಿನ ಹಿಂದೆ ಬರೆದುಕೊಡುತ್ತಿದ್ದರು, ಅಂಗಡಿಯವರು ಚಾಕಲೇಟು ಕೊಡುತ್ತಿದ್ದರು. ಆ ಕಾಲದ ಒಂದು ರೂಪಾಯಿಯ ಸ್ಟೀಲ್ ನಾಣ್ಯದಲ್ಲಿ 'ಎಂಕೆ' ಅಂತ ಸಣ್ಣ ಅಕ್ಷರ ಕಂಡರೆ ಅದು ಸ್ಲೊವಾಕಿಯದ ಕ್ರೆಮ್ನಿಟ್ಸದಲ್ಲಿ ಆದದ್ದು. 'ಎಂ' ಅಕ್ಷರದ ತಲೆಯ ಹತ್ತಿರ ಸಣ್ಣ ಸೊನ್ನೆ ಇದ್ದರೆ ಮೆಕ್ಸಿಕೊ. ಐದು ರೂಪಾಯಿಯಲ್ಲಿ 'ಎಂಎಂಡಿ' ಅಂತ ಇದ್ದರೆ ಮಾಸ್ಕೊ. ಅದಕ್ಕೂ ಮೊದಲು 1985ರ ಒಂದು ರೂಪಾಯಿಯಲ್ಲಿ 'ಎಚ್' ಇದ್ದರೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್. ಯೋಚಿಸಿ ನೋಡು, ಮಾಸ್ಕೊದಲ್ಲಿ ಅಚ್ಚಾದ ಐದು ರೂಪಾಯಿಗೆ ನಾನು ಇಲ್ಲಿ ಕದಳಿ ಬಾಳೆಹಣ್ಣು ಕೊಟ್ಟಿದ್ದೇನೆ! ಆ ದಪ್ಪ ಐದು ರೂಪಾಯಿಯೂ ಈಗ ಕಡಿಮೆಯಾಗಿದೆ. ಒಂಬತ್ತು ಗ್ರಾಂ ತಾಮ್ರ ನಿಕ್ಕಲ್ ಮಿಶ್ರಲೋಹ, ಲೋಹದ ಬೆಲೆಯೇ ಐದು ರೂಪಾಯಿ ದಾಟಿದಾಗ ಕಳ್ಳಸಾಗಣೆ ಮಾಡಿ ಕರಗಿಸಿ ಬ್ಲೇಡು ಮಾಡುತ್ತಾರೆ ಅಂತ ಪೇಪರಿನಲ್ಲಿ ಬಂದಿತ್ತು. 2007ರ ಹೊತ್ತಿಗೆ ಅದನ್ನು ಸ್ಟೀಲಿಗೆ ಬದಲಾಯಿಸಿದರು. ನಿನಗೆ ಸಿಕ್ಕಿದರೆ ಖರ್ಚು ಮಾಡಬೇಡ.

ತಪ್ಪಿ ಅಚ್ಚಾದದ್ದನ್ನೂ ಹುಡುಕಬೇಕು. ಸಿಂಹದ ಮುಖ ನೇರ ಇರುವ ಹಾಗೆ ನಾಣ್ಯವನ್ನು ಮೇಲೆ ಕೆಳಗೆ ಎರಡು ಬೆರಳಲ್ಲಿ ಹಿಡಿದು, ಬಾಗಿಲು ತಿರುಗಿದ ಹಾಗೆ ತಿರುಗಿಸು. ಹಿಂದಿನ ಬದಿಯೂ ನೇರವೇ ಇರಬೇಕು. ಓರೆಯಾಗಿಯೋ ತಲೆಕೆಳಗಾಗಿಯೋ ಕಂಡರೆ ಅಚ್ಚು ಸರಿದು ಕೂತದ್ದು. ಅಂಥದ್ದು ಸಾವಿರಾರು ನೋಡಿದರೂ ಸುಲಭದಲ್ಲಿ ಸಿಗುವುದಿಲ್ಲ, ಆದರೆ ನೋಡುವುದಕ್ಕೆ ಎರಡು ಕ್ಷಣ ಸಾಕು. ಫ್ರಿಜ್ಜಿಗೆ ಅಂಟಿಸುವ ಅಯಸ್ಕಾಂತ ಹತ್ತಿರ ಇರಲಿ. ನನ್ನ ಹುಲಿ ನಿಕ್ಕಲ್, ಅದು ಅಂಟುತ್ತದೆ. ಬೆಳ್ಳಿ ಅಂಟುವುದಿಲ್ಲ, ದಪ್ಪ ಐದು ರೂಪಾಯಿಯೂ ಅಂಟುವುದಿಲ್ಲ.

ಸಿಕ್ಕಿದ್ದನ್ನು ತೊಳೆಯಬೇಡ. ದೇವರ ದೀಪ ತಿಕ್ಕುವ ಹುಣಸೆಹುಳಿಯನ್ನು ನಾಣ್ಯದ ಹತ್ತಿರ ತರಲೇಬಾರದು. ವರ್ಷಗಳಿಂದ ಕೂತ ಬಣ್ಣ ಹೋಗಿ ಹೊಳಪು ಬಂದರೆ ತಿಳಿದವರು ಅದನ್ನು ಕೈಯಲ್ಲೂ ಹಿಡಿಯುವುದಿಲ್ಲ. ಮೆತ್ತಗಿನ ಪ್ಲಾಸ್ಟಿಕ್ ಕವರೂ ಬೇಡ, ಕೆಲವು ಪ್ಲಾಸ್ಟಿಕ್ ಕಾಲ ಕಳೆದಂತೆ ಹಸಿರು ಅಂಟು ಬಿಡುತ್ತದೆ. ಕಾಗದದ ಲಕೋಟೆಯಲ್ಲಿ ಹಾಕಿ, ಎಲ್ಲಿ ಯಾವಾಗ ಸಿಕ್ಕಿತು ಅಂತ ಬರೆದಿಡು. ನಮ್ಮಲ್ಲಿ ಸಮುದ್ರದ ಉಪ್ಪು ಗಾಳಿಗೆ ಎಲ್ಲದಕ್ಕೂ ತುಕ್ಕು, ನಿನ್ನಲ್ಲಿ ಆ ಚಿಂತೆ ಕಡಿಮೆ.

ಇನ್ನೊಂದು. ಹಳೆ ನಾಣ್ಯಕ್ಕೆ ಲಕ್ಷ ಕೊಡುತ್ತೇವೆ ಅಂತ ಮೊಬೈಲಿನಲ್ಲಿ ಬರುತ್ತದಲ್ಲ, ಅದನ್ನು ನಂಬಬೇಡ. ವೈಷ್ಣೋದೇವಿಯ ಐದು ರೂಪಾಯಿಗೆ ಎಷ್ಟೋ ಲಕ್ಷ ಅಂತ ಹೇಳಿ ಮೊದಲು ನಮ್ಮಿಂದಲೇ ನೋಂದಣಿ ದುಡ್ಡು ಕೇಳುತ್ತಾರೆ. ಇಂಥ ವ್ಯವಹಾರ ತನ್ನದಲ್ಲ, ಯಾವ ಶುಲ್ಕವನ್ನೂ ಕೇಳುವುದಿಲ್ಲ ಅಂತ 2021ರಲ್ಲಿ ರಿಸರ್ವ್ ಬ್ಯಾಂಕೇ ಎಚ್ಚರಿಕೆ ಕೊಟ್ಟಿದೆ. ಪಕ್ಕದ ಅಂಗಡಿಯ ಹುಡುಗನನ್ನು ನಾನು ತಡೆದದ್ದು ಒಳ್ಳೆಯದಾಯಿತು.

ನನಗೆ ಬೇಜಾರಿನ ಸಂಗತಿ ಒಂದೇ. ಈಗ ಎಲ್ಲರೂ ಫೋನು ತೋರಿಸಿ ಹೋಗುತ್ತಾರೆ, ಮೇಜಿನ ಮೇಲಿನ ಪೆಟ್ಟಿಗೆ ದುಡ್ಡು ಬಂತು ಅಂತ ಕೂಗುತ್ತದೆ. ಅನುಕೂಲ ಉಂಟು, ಇಲ್ಲ ಅನ್ನುವುದಿಲ್ಲ. ಆದರೆ ಸಂಜೆ ಗಲ್ಲಾಪೆಟ್ಟಿಗೆ ಬಗ್ಗಿಸಿದರೆ ಮೊದಲಿನಷ್ಟು ಸದ್ದಿಲ್ಲ. ನಾಲ್ಕಾಣೆ 2011ರ ಜೂನ್ 30ಕ್ಕೇ ಹೋಯಿತು. ಎಂಟಾಣೆ ಕಾನೂನಿನಲ್ಲಿ ಇನ್ನೂ ಉಂಟು, ಕೊಡುವವರಿಲ್ಲ. ಇನ್ನೆಷ್ಟು ವರ್ಷ ಚಿಲ್ಲರೆ ಕೈಯಿಂದ ಕೈಗೆ ಹೋಗುತ್ತದೋ. ಅದಕ್ಕೇ ನೀನು ಆಟೋದವರಿಗೆ, ತರಕಾರಿಯವರಿಗೆ ಆಗಾಗ ನೋಟು ಕೊಟ್ಟು ಚಿಲ್ಲರೆ ತೆಗೆದುಕೋ. ಕಿಸೆಗೆ ಹಾಕುವ ಮೊದಲು ಇಸವಿ ನೋಡು, ಅದರ ಕೆಳಗೆ ನೋಡು.

ದೀಪಾವಳಿಗೆ ಬಂದಾಗ ನಿನ್ನನ್ನು ಹಾಜಿ ಅಬ್ದುಲ್ಲಾ ಸಾಹೇಬರ ಮನೆಗೆ ಕರೆದುಕೊಂಡು ಹೋಗುತ್ತೇನೆ. ಅವರು 1906ರಲ್ಲಿ ಇಲ್ಲೇ ಉಡುಪಿಯಲ್ಲಿ ಶುರುಮಾಡಿದ ಬ್ಯಾಂಕೇ ಮುಂದೆ ಕಾರ್ಪೊರೇಶನ್ ಬ್ಯಾಂಕ್ ಆದದ್ದು, 2020ರಿಂದ ಅದು ಯೂನಿಯನ್ ಬ್ಯಾಂಕಿಗೆ ಸೇರಿದೆ. ಅವರ ಮನೆಯನ್ನೇ ನಾಣ್ಯಗಳ ಸಂಗ್ರಹಾಲಯ ಮಾಡಿದ್ದಾರೆ. ಬ್ಯಾಂಕ್ ತೆರೆದ ಮೊದಲ ದಿನ ಸಂಜೆ ಲೆಕ್ಕ ಹಾಕಿದಾಗ ಇದ್ದದ್ದು 38 ರೂಪಾಯಿ 13 ಆಣೆ 2 ಪೈ. ಎರಡು ಪೈಯನ್ನೂ ಬಿಡದೆ ಬರೆದಿಟ್ಟಿದ್ದಾರೆ ನೋಡು! ನಮ್ಮ ಬಾರಕೂರಿನ ಆಳುಪ ಅರಸರ ಕಾಲದ ಜೋಡಿ ಮೀನಿನ ಚಿನ್ನದ ನಾಣ್ಯದ ವಿಷಯವನ್ನೂ ಅಲ್ಲಿ ಹೋಗುವಾಗ ಹೇಳುತ್ತೇನೆ, ಬರೆಯುತ್ತಾ ಕೂತರೆ ಮುಗಿಯುವುದಿಲ್ಲ.

ನಿನ್ನ ರಜೆ ಯಾವಾಗ ಅಂತ ಬೇಗ ತಿಳಿಸು. ಸಂಗ್ರಹಾಲಯ ಯಾವ ದಿನ ತೆರೆದಿರುತ್ತದೆ ಅಂತ ಅಪ್ಪ ಮೊದಲೇ ವಿಚಾರಿಸಿ ಇಡುತ್ತಾರಂತೆ. ಅಷ್ಟರೊಳಗೆ ಏನಾದರೂ ಸಿಕ್ಕಿದರೆ ಫೋಟೋ ಕಳಿಸು. ಎರಡೂ ಬದಿಯದ್ದು ಬೇಕು, ಇಸವಿಯ ಅಡಿ ಸ್ಪಷ್ಟ ಕಾಣಬೇಕು.

ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ
ಅಮ್ಮ