ತೀರ್ಪು ಬರೆಯುವ ಮುನ್ನ: ಕಿರಿಯ ಲೇಖಕಿಗೆ ಒಂದು ಪತ್ರ

ಪ್ರೀತಿಯ ತಂಗಿ,

ನೀನು ಕಳುಹಿಸಿದ ಹನ್ನೊಂದು ಲೇಖನಗಳ ಕಟ್ಟು ಶನಿವಾರ ಕೈಸೇರಿತು. ಎರಡು ಸಂಜೆ ಕುಳಿತು ಎಲ್ಲವನ್ನೂ ಓದಿದೆ, ಕೆಲವನ್ನು ಎರಡೆರಡು ಸಲ. ನಿನಗೆ ಸಿಟ್ಟು ಬರುತ್ತದೆ ಎಂಬುದು ಮೊದಲ ಪುಟದಲ್ಲೇ ಗೊತ್ತಾಯಿತು, ಸಂತೋಷವಾಯಿತು. ಅನ್ಯಾಯ ಕಂಡರೂ ಮೈ ಬಿಸಿಯಾಗದವರು ಸಿನಿಮಾದ ಬಗ್ಗೆಯಾಗಲಿ ಸಮಾಜದ ಬಗ್ಗೆಯಾಗಲಿ ಬರೆಯಬಾರದು ಎಂದು ನಂಬಿದವನು ನಾನು. ಆದರೆ ಹನ್ನೊಂದರಲ್ಲಿ ಎಂಟು ಲೇಖನಗಳ ಸಿಟ್ಟು ಎರವಲು ತಂದದ್ದು. ಯಾರೋ ಹೊತ್ತಿಸಿದ ಕಿಚ್ಚಿನಿಂದ ನೀನು ಒಂದು ಕೊಳ್ಳಿ ಹಿಡಿದು ಬಂದಿದ್ದೀಯೆ. ಇದನ್ನು ಇಷ್ಟು ನೇರವಾಗಿ ಬರೆಯಲು ಕಾರಣವಿದೆ. ನಿನ್ನ ವಯಸ್ಸಿನಲ್ಲಿ ನಾನೂ ಅದನ್ನೇ ಮಾಡಿದೆ, ಅದರಿಂದ ನೋವಾದದ್ದು ನನಗಲ್ಲ, ಬೇರೆಯವರಿಗೆ.

ಮೊದಲು ಧಾರಾವಾಹಿಗಳ ಲೇಖನ. "ಧಾರಾವಾಹಿಗಳು ನಮ್ಮ ಹೆಣ್ಣುಮಕ್ಕಳ ತಲೆ ಕೆಡಿಸುತ್ತಿವೆ" ಎಂದು ಶುರು ಮಾಡಿದ್ದೀಯೆ. ನಾಲ್ಕು ಪುಟಗಳಲ್ಲಿ ಯಾವ ಧಾರಾವಾಹಿಯ ಒಂದು ದೃಶ್ಯವೂ ಇಲ್ಲ, ಅದನ್ನು ನೋಡುವ ಒಬ್ಬ ಹೆಂಗಸೂ ಇಲ್ಲ. ಅಂಚಿನಲ್ಲಿ ಪೆನ್ಸಿಲಿನಿಂದ "ಯಾರ ತಲೆ?" ಎಂದು ಬರೆದಿದ್ದೇನೆ. ನಿನ್ನ ದೊಡ್ಡಮ್ಮ ಪೀಣ್ಯದ ಗಾರ್ಮೆಂಟ್ಸಿನಿಂದ ಏಳು ಗಂಟೆಗೆ ಮನೆಗೆ ಬಂದು, ಕುಕ್ಕರ್ ಇಟ್ಟು, ಸೊಪ್ಪು ಬಿಡಿಸುತ್ತಾ ಟಿವಿ ಮುಂದೆ ಕೂರುತ್ತಾರೆ ಎಂದು ಹಿಂದಿನ ಪತ್ರದಲ್ಲಿ ನೀನೇ ಬರೆದಿದ್ದೆ. ಆ ದೊಡ್ಡಮ್ಮ ಲೇಖನದೊಳಗೆ ಏಕೆ ಬರಲಿಲ್ಲ? ಒಂದು ವಾರ ಅವರ ಪಕ್ಕದಲ್ಲಿ ಕುಳಿತುಕೋ. ಟಿವಿಯನ್ನು ನೋಡುವುದರ ಜೊತೆಗೆ ಅವರ ಮುಖವನ್ನೂ ನೋಡು. ಯಾವ ಮಾತಿಗೆ ಸೊಪ್ಪು ಬಿಡಿಸುವ ಕೈ ನಿಲ್ಲುತ್ತದೆ, ಯಾವ ಅತ್ತೆಯನ್ನು ಬೈಯುತ್ತಾರೆ, ಯಾವ ಅಳುವಿಗೆ ಎದ್ದು ಒಲೆಯ ಕಡೆ ಹೋಗುತ್ತಾರೆ, ಇದನ್ನೆಲ್ಲ ಬರೆದಿಡು.

1998ರಲ್ಲಿ ದೂರದರ್ಶನದಲ್ಲಿ ಟಿ.ಎನ್. ಸೀತಾರಾಮ್ ಅವರ 'ಮಾಯಾಮೃಗ' ಬರುತ್ತಿದ್ದಾಗ ನನ್ನ ತಾಯಿ ದಿನವೂ ತಪ್ಪದೆ ಕೂರುತ್ತಿದ್ದರು. ಆಗ ನಾನು ಪಕ್ಕದ ಕೋಣೆಯಲ್ಲಿ ಟಿವಿ ಸಂಸ್ಕೃತಿಯನ್ನು ಖಂಡಿಸುವ ಅಂಕಣ ಬರೆಯುತ್ತಿದ್ದೆ. ಒಂದು ಸಂಜೆ ವಿದ್ಯುತ್ ಹೋಯಿತು. ಕತ್ತಲಲ್ಲಿ ಕುಳಿತಿದ್ದಾಗ ಅಮ್ಮ, ತಮ್ಮನ್ನು ನಾಲ್ಕನೇ ತರಗತಿಗೆ ಶಾಲೆ ಬಿಡಿಸಿದ ದಿನದ ಸಂಗತಿಯನ್ನು ಮೊದಲ ಬಾರಿಗೆ ಹೇಳಿದರು. ಆ ವಾರದ ಕಂತಿನ ಯಾವುದೋ ಹುಡುಗಿಯ ಮಾತು ಅವರೊಳಗಿನ ಅದನ್ನು ಕದಲಿಸಿತ್ತು. ನಲವತ್ತಾರು ವರ್ಷ ಅವರ ಮಗನಾಗಿದ್ದ ನನಗೆ ಅದು ಗೊತ್ತಿರಲಿಲ್ಲ. ನನ್ನ ಅಂಕಣದಲ್ಲಿ ಅಂಥ ತಾಯಂದಿರಿಗೆ ಜಾಗವಿರಲಿಲ್ಲ.

ಧಾರಾವಾಹಿಗಳನ್ನು ಹೊಗಳು ಎನ್ನುತ್ತಿಲ್ಲ. ಟೀಕಿಸುವುದು ಬೇಕಾದಷ್ಟಿದೆ, ಆದರೆ ಅದು ನೀನು ಕೈ ಹಾಕಿದ ಜಾಗದಲ್ಲಿಲ್ಲ. ವಾರದಲ್ಲಿ ಐದಾರು ದಿನ ಪ್ರಸಾರ, ಒಂದೊಂದು ಕಂತಿಗೂ ಇಪ್ಪತ್ತು ಚಿಲ್ಲರೆ ನಿಮಿಷದ ಸರಕು. ಗುರುವಾರ ಟಿಆರ್‌ಪಿ ಬಂದರೆ ಕಥೆಯ ದಿಕ್ಕು ಬದಲಾಗುತ್ತದೆ. ಸೆಟ್ಟಿಗೆ ಹೋಗಿ ಒಂದು ದಿನ ಇದ್ದು ಬಾ, ಸಂಭಾಷಣೆಯ ಹಾಳೆ ಎಷ್ಟು ಹೊತ್ತಿಗೆ ಕಲಾವಿದರ ಕೈಗೆ ಬರುತ್ತದೆ ಎಂದು ನೋಡು. ಕಥೆಯ ಮನೆಗಳನ್ನೂ ಗಮನಿಸು. ದೊಡ್ಡ ಬಂಗಲೆ, ದೇವರ ಕೋಣೆ, ರೇಷ್ಮೆ ಸೀರೆ. ಜಾತಿಯ ಹೆಸರನ್ನು ಯಾರೂ ಎತ್ತುವುದಿಲ್ಲ, ಆದರೂ ಆ ಮನೆ ಯಾರದೆಂದು ಎಲ್ಲರಿಗೂ ತಿಳಿಯುತ್ತದೆ. ಅಡುಗೆಮನೆಯಲ್ಲಿ ಕೆಲಸ ಮಾಡುವವಳಿಗೆ ಊರಿಲ್ಲ, ಗಂಡ-ಮಕ್ಕಳಿಲ್ಲ, ನೂರು ಕಂತು ಕಳೆದರೂ ಅವಳು ಕುರ್ಚಿಯ ಮೇಲೆ ಕೂರುವುದಿಲ್ಲ. ಉತ್ತರ ಕರ್ನಾಟಕದ ಕನ್ನಡವನ್ನು ಬಹಳ ಸಲ ನಗಿಸುವವನ ಬಾಯಿಗೋ ಕೆಲಸದವರ ಬಾಯಿಗೋ ಕೊಟ್ಟಿರುತ್ತಾರೆ. ಧಾರವಾಡದಿಂದ ಬಂದು ಬೆಂಗಳೂರಿನಲ್ಲಿ ನೆಲೆಸಿರುವ ನಿನಗೆ ಇದು ನನಗಿಂತ ಚೆನ್ನಾಗಿ ಚುಚ್ಚಿರಬೇಕು. ನಾಲ್ಕು ಪುಟಗಳಲ್ಲಿ ಅದರ ಬಗ್ಗೆ ಒಂದು ಸಾಲೂ ಇಲ್ಲ ಎಂಬುದೇ ನನಗೆ ಅತಿ ಹೆಚ್ಚು ಬೇಸರ ತಂದದ್ದು.

ಈಗ ನನ್ನ ತಪ್ಪಿನ ವಿಷಯ.

1973ರ ನವೆಂಬರಿನಲ್ಲಿ ದಲಿತ ಸಮುದಾಯದ ಸಚಿವ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಮಾತನಾಡುತ್ತಾ ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ, ಅಂದರೆ ದನಕ್ಕೆ ಹಾಕುವ ಹೊಟ್ಟು, ಎಂದರು. ಊರೂರಿನ ಕಾಲೇಜುಗಳು ಹೊತ್ತಿಕೊಂಡವು. ನನಗಾಗ ಇಪ್ಪತ್ತೊಂದು ವರ್ಷ, ಕನ್ನಡ ಎಂಎ ವಿದ್ಯಾರ್ಥಿ. ಮೆರವಣಿಗೆಯ ಮುಂದಿನ ಸಾಲಿನಲ್ಲಿ ಗಂಟಲು ಹರಿಯುವಂತೆ ಕೂಗಿದೆ. ಆ ಭಾಷಣವನ್ನು ನಾನು ಕೇಳಿರಲಿಲ್ಲ, ಓದಿರಲಿಲ್ಲ. ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಬಸವಲಿಂಗಪ್ಪನವರು ರಾಜೀನಾಮೆ ಕೊಟ್ಟರು. ಅದನ್ನು ನಾವು ಗೆಲುವು ಎಂದುಕೊಂಡೆವು.

ಎರಡು ವರ್ಷದ ನಂತರ, 1975ರಲ್ಲಿ, 'ಚೋಮನ ದುಡಿ' ಬಂತು. ಶಿವರಾಮ ಕಾರಂತರ ಕಾದಂಬರಿ, ಬಿ.ವಿ. ಕಾರಂತರ ನಿರ್ದೇಶನ. ಅದಕ್ಕೆ ದೇಶದ ಶ್ರೇಷ್ಠ ಚಿತ್ರಕ್ಕೆ ಕೊಡುವ ಸ್ವರ್ಣಕಮಲ ಬಂತು, ಚೋಮನಾದ ಎಂ.ವಿ. ವಾಸುದೇವರಾವ್ ಅವರಿಗೆ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿ ಬಂತು. ಒಂದು ವಾರಪತ್ರಿಕೆಗೆ ನಾನು ಮೂರು ಪುಟಗಳ ವಿಮರ್ಶೆ ಬರೆದೆ. ದುಡಿ ಎಂಬ ಚರ್ಮವಾದ್ಯದ ನಾದ, ಕತ್ತಲು ಬೆಳಕು, ಆ ನಟನ ಕಣ್ಣು, ಎಲ್ಲವೂ ಅದರಲ್ಲಿತ್ತು. ಅದು ಅಚ್ಚಾದ ವಾರ ನಮ್ಮ ತಾಲ್ಲೂಕಿನ ಒಬ್ಬ ಪ್ರಾಥಮಿಕ ಶಾಲಾ ಮೇಷ್ಟ್ರು ಸೈಕಲ್ ತುಳಿದುಕೊಂಡು ಮನೆಗೆ ಬಂದರು. ಒಳಗೆ ಕರೆದೆ, ಜಗಲಿಯ ಮೇಲೇ ಕುಳಿತರು. ಪತ್ರಿಕೆಯ ಆ ಪುಟವನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡಿದ್ದರು. "ಚೋಮ ಕೇಳಿದ್ದು ಭೂಮಿಯನ್ನು. ನಿಮ್ಮ ಬರಹದಲ್ಲಿ ದುಡಿ ಇದೆ, ಭೂಮಿ ಎಲ್ಲೂ ಇಲ್ಲವಲ್ಲ ಸ್ವಾಮಿ" ಎಂದರು.

ಹೌದು. ಸ್ವಂತ ಬೇಸಾಯ ಮಾಡಬೇಕೆಂದು ಎತ್ತಿನ ಜೋಡಿಯನ್ನು ಸಾಕಿಕೊಂಡಿದ್ದ ಮನುಷ್ಯನಿಗೆ, ಹುಟ್ಟಿದ ಜಾತಿಯ ಕಾರಣಕ್ಕೆ ಗೇಣಿಗೂ ಗದ್ದೆ ಸಿಗಲಿಲ್ಲ. ಕಥೆಯೇ ಅದು. ನಾನು ವಿಮರ್ಶೆ ಬರೆಯುತ್ತಿದ್ದಾಗ ನಾಡಿನಲ್ಲಿ ಏನಾಗುತ್ತಿತ್ತು ಗೊತ್ತೆ? ದೇವರಾಜ ಅರಸರ ಸರ್ಕಾರ 1974ರಲ್ಲಿ ಜಾರಿಗೆ ತಂದ ಭೂಸುಧಾರಣೆಯ ತಿದ್ದುಪಡಿಯಂತೆ ಗೇಣಿದಾರರು ತಾವು ಉಳುವ ಭೂಮಿಯ ಹಕ್ಕು ಕೇಳುವ ಏಳನೇ ನಂಬರಿನ ಫಾರಂ ಹಿಡಿದು ಭೂ ನ್ಯಾಯಮಂಡಳಿಗಳ ಮುಂದೆ ಸಾಲುಗಟ್ಟಿದ್ದರು. "ಉಳುವವನೇ ಹೊಲದೊಡೆಯ" ಎಂಬ ಮಾತು ಎಲ್ಲರ ಬಾಯಲ್ಲಿತ್ತು. ಮೇಷ್ಟ್ರು ಮರುದಿನ ನನ್ನನ್ನು ತಮ್ಮ ಕೇರಿಗೆ ಕರೆದುಕೊಂಡು ಹೋದರು. ಅಲ್ಲಿ ಫಾರಂ ತುಂಬಿದವರು ಇಬ್ಬರೇ. ಉಳಿದವರು ಗೇಣಿದಾರರೂ ಅಲ್ಲ, ಕೂಲಿಯವರು ಮತ್ತು ಜೀತಕ್ಕಿದ್ದವರು. ಕಾನೂನಿನ ಬಾಗಿಲಿಗೂ ಅವರಿಗೂ ನಡುವೆ ಇನ್ನೊಂದು ಬಾಗಿಲಿತ್ತು. ಚೋಮನ ಮೊಮ್ಮಕ್ಕಳಂಥವರ ನಡುವೆ ನಿಂತಿದ್ದೆ, ಅವರಲ್ಲಿ ಒಬ್ಬರೂ ಆ ಸಿನಿಮಾ ನೋಡಿರಲಿಲ್ಲ.

ವಾಪಸು ಬರುವಾಗ ಮೇಷ್ಟ್ರು ಇನ್ನೊಂದು ಮಾತು ಹೇಳಿದರು. ಮಲವನ್ನು ತಲೆಯ ಮೇಲೆ ಹೊರುವ ಪದ್ಧತಿ ನಿಲ್ಲಬೇಕೆಂದು ಆದೇಶ ಮಾಡಿದ ಮಂತ್ರಿ ಬಸವಲಿಂಗಪ್ಪನವರು, ಅವರ ವಿರುದ್ಧ ಕೂಗಿದವರಲ್ಲಿ ನೀವೂ ಇದ್ದಿರಂತೆ ಎಂದರು. ಅವರ ದನಿಯಲ್ಲಿ ದೂರಿರಲಿಲ್ಲ. ನನಗೆ ಉತ್ತರ ಹೊಳೆಯಲಿಲ್ಲ. ಈಗಲೂ ಇಲ್ಲ. ಆ ವಿಮರ್ಶೆಯನ್ನು ತಿದ್ದಿ ಬರೆಯಬೇಕೆಂದುಕೊಂಡೆ, ಪತ್ರಿಕೆಯವರು ಚಿತ್ರ ಹಳೆಯದಾಯಿತು ಎಂದರು, ನಾನೂ ಸುಮ್ಮನಾದೆ. ಹಾಗೆ ಸುಮ್ಮನಾದದ್ದು ಬರೆದ ತಪ್ಪಿಗಿಂತ ದೊಡ್ಡ ತಪ್ಪು.

ನಿನ್ನ ಇನ್ನೊಂದು ಲೇಖನದಲ್ಲಿ ಒಂದೇ ಚಿತ್ರವನ್ನು ಏಳು ಕಡೆ "ಧೈರ್ಯದ ಸಿನಿಮಾ" ಎಂದಿದ್ದೀಯೆ. ಆ ಪದವನ್ನು ಅಷ್ಟು ಸುಲಭವಾಗಿ ಕೊಡಬೇಡ. 1970ರಲ್ಲಿ ಪಟ್ಟಾಭಿರಾಮ ರೆಡ್ಡಿಯವರು 'ಸಂಸ್ಕಾರ' ತೆಗೆದಾಗ ಮದ್ರಾಸಿನ ಸೆನ್ಸಾರ್ ಅದನ್ನು ತಡೆಹಿಡಿಯಿತು. ಹೋರಾಡಿ ಬಿಡಿಸಿಕೊಂಡ ಮೇಲೆ ಅದೇ ಚಿತ್ರ ಕನ್ನಡಕ್ಕೆ ಮೊದಲ ಸ್ವರ್ಣಕಮಲ ತಂದಿತು. ಅದರಲ್ಲಿ ಚಂದ್ರಿಯ ಪಾತ್ರ ಮಾಡಿದ ಸ್ನೇಹಲತಾ ರೆಡ್ಡಿಯವರನ್ನು ತುರ್ತು ಪರಿಸ್ಥಿತಿಯಲ್ಲಿ ಬಂಧಿಸಿ ಬೆಂಗಳೂರಿನ ಜೈಲಿನಲ್ಲಿಟ್ಟರು. ಆಸ್ತಮಾ ಇದ್ದ ಆಕೆ ಅಲ್ಲಿ ನರಳಿದರು. ಪೆರೋಲ್ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ, ತೀರಿಕೊಂಡರು. ಧೈರ್ಯ ಎಂದು ಬರೆಯಲು ಕೈ ಹೋದಾಗ ಆಕೆ ನೆನಪಾಗಲಿ. ನೀನು ಹೊಗಳಿದ ಚಿತ್ರದ ನಿರ್ದೇಶಕ ಏನನ್ನು ಪಣಕ್ಕಿಟ್ಟ ಎಂದು ಹುಡುಕು. ಸಿಕ್ಕರೆ ಅದನ್ನು ಬರೆ, ಸಿಗದಿದ್ದರೆ ಬೇರೆ ಪದ ಬಳಸು.

ಹನ್ನೊಂದರಲ್ಲಿ ನನಗೆ ಅಪ್ಪಟ ಅನ್ನಿಸಿದ್ದು ಹಿಂಬಾಲಿಸುವ ನಾಯಕನ ಬಗೆಗಿನ ಚಿಕ್ಕ ಬರಹ. ನಾಯಕ ನಾಯಕಿಯ ದುಪಟ್ಟಾ ಎಳೆದಾಗ ಮುಂದಿನ ಸಾಲಿನ ಹುಡುಗರು ಶಿಳ್ಳೆ ಹಾಕಿದರು, ನಿನ್ನ ಪಕ್ಕದಲ್ಲಿದ್ದ ಕಾಲೇಜು ಹುಡುಗಿ ಮೊಬೈಲ್ ತೆಗೆದು ತಲೆ ತಗ್ಗಿಸಿದಳು ಎಂದು ಬರೆದಿದ್ದೀಯೆ. ಈ ಸಾಲನ್ನು ಬೇರೆ ಯಾರೂ ಬರೆಯಲಾರರು, ಆ ಕುರ್ಚಿಯಲ್ಲಿದ್ದವಳು ನೀನು. ಇದನ್ನು ಇನ್ನಷ್ಟು ಬೆಳೆಸು. ದೆಹಲಿಯ 2012ರ ಡಿಸೆಂಬರಿನ ಸಾಮೂಹಿಕ ಅತ್ಯಾಚಾರದ ಘಟನೆಯ ನಂತರ, 2013ರಲ್ಲಿ ದಂಡಸಂಹಿತೆಗೆ 354ಡಿ ಕಲಂ ಸೇರಿತು. ಬೇಡವೆಂದ ಹೆಣ್ಣನ್ನು ಮತ್ತೆ ಮತ್ತೆ ಹಿಂಬಾಲಿಸುವುದು ಅಪರಾಧ, ಮೊದಲ ಸಲಕ್ಕೇ ಮೂರು ವರ್ಷಗಳವರೆಗೆ ಶಿಕ್ಷೆ. 2024ರ ಜುಲೈಯಿಂದ ಅದೇ ಅಪರಾಧ ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಂ. ಪರದೆಯ ಮೇಲೆ ಅದೇ ಕೃತ್ಯಕ್ಕೆ ಇಂದಿಗೂ ಹಾಡು, ಕುಣಿತ, ಮದುವೆ. ನಿಮ್ಮ ಬಡಾವಣೆಯ ಠಾಣೆಯಲ್ಲಿ ಇಂಥ ದೂರು ಕೊಡಲು ಹೋದ ಹುಡುಗಿಯರಿಗೆ ಯಾವ ಮಾತು ಕೇಳಿಬರುತ್ತದೆ ಎಂದು ವಿಚಾರಿಸು. ಹೆಸರು ಬರೆಯಬೇಡ, ಅವರ ಬದುಕು ನಿನ್ನ ಲೇಖನಕ್ಕಿಂತ ದೊಡ್ಡದು. ಸಿನಿಮಾದ ಆ ಹಾಡನ್ನೂ ಠಾಣೆಯ ಆ ಬೆಂಚನ್ನೂ ಅಕ್ಕಪಕ್ಕ ಇಟ್ಟರೆ ಸಾಕು, "ಪಿತೃಪ್ರಧಾನ ವ್ಯವಸ್ಥೆ" ಎಂದು ಹದಿನಾಲ್ಕು ಸಲ ಬರೆಯುವ ಅಗತ್ಯ ಬೀಳುವುದಿಲ್ಲ. ನಾನು ಎಣಿಸಿದ್ದೇನೆ.

ಟ್ರೇಲರ್ ನೋಡಿ ನಿಷೇಧಿಸಿ ಎಂದು ಬರೆದ ಎರಡು ಲೇಖನಗಳನ್ನು ದಯವಿಟ್ಟು ಎಲ್ಲೂ ಅಚ್ಚಿಗೆ ಕೊಡಬೇಡ. ಟಿಕೆಟನ್ನು ನಿನ್ನ ದುಡ್ಡಿನಲ್ಲೇ ಕೊಂಡುಕೋ, ನಿರ್ಮಾಪಕರು ಕಳುಹಿಸುವ ಕಾರಿಗೆ ಹತ್ತಬೇಡ. ಸಾಧ್ಯವಾದರೆ ಒಂದು ಸಲ ಮಾಲ್‌ನಲ್ಲಿ, ಇನ್ನೊಂದು ಸಲ ತಾಲ್ಲೂಕಿನ ಹಳೆಯ ಟಾಕೀಸಿನಲ್ಲಿ ನೋಡು. ಎರಡು ಕಡೆಯೂ ಜನ ಬೇರೆ ಬೇರೆ ಜಾಗದಲ್ಲಿ ನಗುತ್ತಾರೆ.

ಹಾಳೆಗಳನ್ನು ಗುರುತು ಹಾಕಿ ಅಂಚೆಯಲ್ಲಿ ಹಿಂದಿರುಗಿಸುತ್ತಿದ್ದೇನೆ. ಪೆನ್ಸಿಲಿನ ಗೀಟುಗಳು ಹೆಚ್ಚಾಗಿವೆ ಎಂದು ಮನಸ್ಸು ಸಣ್ಣದು ಮಾಡಿಕೊಳ್ಳಬೇಡ. ಮೊದಲು ಧಾರಾವಾಹಿಯ ಲೇಖನವನ್ನು ಮತ್ತೆ ಬರೆ, ಮಿಕ್ಕವು ಕಾಯಲಿ. ದೊಡ್ಡಮ್ಮನಿಗೆ ನನ್ನ ನಮಸ್ಕಾರ ತಿಳಿಸು. ಅವರಿಗೆ ಈಗ ಧಾರಾವಾಹಿಯ ಆ ಮನೆಯಲ್ಲಿ ಯಾರ ಮೇಲೆ ಕೋಪ, ಏಕೆ ಕೋಪ ಎಂದು ಕೇಳಿ, ಅವರು ಹೇಳಿದ ಮಾತನ್ನು ಹಾಗೆಯೇ ಬರೆದು ಕಳುಹಿಸು.

ಇತಿ,
ನಿನ್ನ ಬರಹದ ದಾರಿ ಕಾಯುವ
ಅಣ್ಣ